ಶುದ್ಧ ನೀರೆಲ್ಲ ಕುಡಿಯುವ ನೀರಲ್ಲ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೂ ಅವನ ಕೃಪೆ ಮತ್ತು ಶಾಂತಿ ಇರಲಿ.

ಪ್ರಿಯ ಸಹೋದರರೇ,

ನಮ್ಮ ಜಮಾಅತಿನ ಹಲವು ಮನೆಗಳಲ್ಲಿ ಈಗ ಕಾಮಾಲೆ ಇದೆ. ಮದ್ರಸದಲ್ಲಿ ಮಕ್ಕಳ ಜಾಗ ಖಾಲಿ ಕಾಣುತ್ತಿದೆ. ಇದು ಹೆಪಟೈಟಿಸ್ ಎ ಎಂದು ರಕ್ತಪರೀಕ್ಷೆಯಲ್ಲಿ ತಿಳಿದಿದೆ. ಆರೋಗ್ಯ ಇಲಾಖೆಯವರು ಬಾವಿಗಳ ನೀರನ್ನು ಪರೀಕ್ಷೆಗೆ ಒಯ್ದಿದ್ದಾರೆ. ಅದರಲ್ಲಿ ಮಸೀದಿಯ ಬಾವಿಯ ನೀರೂ ಸೇರಿದೆ. ಈ ವಾರ ಹಲವರು ನಮ್ಮಲ್ಲಿ ಕೇಳಿದ ಪ್ರಶ್ನೆ ಒಂದೇ: "ಉಸ್ತಾದ್, ವುಝೂ ಮಾಡಲು ಆಗುವ ನೀರು ಕುಡಿಯಲು ಯಾಕೆ ಆಗುವುದಿಲ್ಲ?"

ಒಳ್ಳೆಯ ಪ್ರಶ್ನೆ. ಎರಡು ಖುಲ್ಲತ್, ಅಂದರೆ ಸುಮಾರು 200 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಇರುವ ನೀರಿಗೆ ನಜಸ್ ಬಿದ್ದರೂ, ಬಣ್ಣ, ರುಚಿ, ವಾಸನೆ ಬದಲಾಗದಿದ್ದರೆ ಶಾಫಿಈ ಮದ್‌ಹಬ್ ಪ್ರಕಾರ ಅದು ಶುದ್ಧ. ಅದರಿಂದ ಮಾಡಿದ ವುಝೂ ಸರಿ. ಆದರೆ ಈ ವೈರಸ್ ನೀರಿನ ಬಣ್ಣ, ರುಚಿ, ವಾಸನೆ ಯಾವುದನ್ನೂ ಬದಲಿಸುವುದಿಲ್ಲ. ತಿಳಿಯಾದ, ತಣ್ಣಗಿನ, ಸಿಹಿಯಾದ ಬಾವಿ ನೀರಿನಲ್ಲೂ ಅದು ಇರಬಹುದು. ನಮಾಝಿಗೆ ಶುದ್ಧವೇ ಎಂಬುದು ಒಂದು ಪ್ರಶ್ನೆ, ಹೊಟ್ಟೆಗೆ ಸುರಕ್ಷಿತವೇ ಎಂಬುದು ಇನ್ನೊಂದು. ಮೊದಲನೆಯದನ್ನು ಉಲಮಾಗಳಲ್ಲಿ ಕೇಳಿ, ಎರಡನೆಯದನ್ನು ವೈದ್ಯರಲ್ಲಿ ಕೇಳಿ. ಸದ್ಯಕ್ಕೆ ಮನೆಯಲ್ಲೇ ವುಝೂ ಮಾಡಿ ಬನ್ನಿ, ಬಾಯಿ ಮುಕ್ಕಳಿಸಲು ಕುದಿಸಿ ಆರಿಸಿದ ನೀರನ್ನು ಬಳಸಿ.

ಸಹೋದರರೇ, ಈ ರೋಗ ಹರಡುವುದು ಮಲದ ಮೂಲಕ. ಶೌಚದ ಗುಂಡಿಯಿಂದ ಬಾವಿಗೆ, ತೊಳೆಯದ ಕೈಯಿಂದ ತಟ್ಟೆಗೆ ಅದು ದಾಟುತ್ತದೆ. ವೈರಸ್ ಒಳಹೊಕ್ಕ ಮೇಲೆ ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ, ಕೆಲವೊಮ್ಮೆ 7 ವಾರಗಳ ನಂತರವೂ ರೋಗ ಕಾಣಿಸಿಕೊಳ್ಳುತ್ತದೆ. ಕಣ್ಣು ಹಳದಿಯಾಗುವುದಕ್ಕೆ ಒಂದೆರಡು ವಾರ ಮೊದಲೇ ಅದು ಇತರರಿಗೆ ಹೆಚ್ಚಾಗಿ ಹರಡುತ್ತದೆ. 6 ವರ್ಷದೊಳಗಿನ ಹೆಚ್ಚಿನ ಮಕ್ಕಳಲ್ಲಿ ಲಕ್ಷಣವೇ ಇರುವುದಿಲ್ಲ. ಹಾಗಿರುವಾಗ "ನಮ್ಮ ಮನೆಯಲ್ಲಿ ಇಲ್ಲ, ಅವರ ಮನೆಯಿಂದ ಬಂತು" ಎಂದು ಬೆರಳು ತೋರಿಸಲು ಯಾರಿಗೆ ಸಾಧ್ಯ? 1988ರಲ್ಲಿ ಚೀನಾದ ಶಾಂಘೈ ನಗರದಲ್ಲಿ ಸರಿಯಾಗಿ ಬೇಯಿಸದ ಮರುವಾಯಿಯಂಥ ಚಿಪ್ಪುಜೀವಿಗಳನ್ನು ತಿಂದು ಸುಮಾರು 3 ಲಕ್ಷ ಜನರಿಗೆ ಇದೇ ರೋಗ ಬಂತು. ಮರುವಾಯಿ ತಿನ್ನುವ ನಾವೂ ಇದನ್ನು ನೆನಪಿಡಬೇಕು.

ಮದುವೆ ಹತ್ತಿರ ಬಂದಿದೆ ಎಂದು ಕೆಲವರು ಮನೆಯ ರೋಗವನ್ನು ಮುಚ್ಚಿಡುತ್ತಿದ್ದಾರೆ. ರೋಗ ನಾಚಿಕೆಯ ವಿಷಯವಲ್ಲ. ಆದರೆ ಅದನ್ನು ಮುಚ್ಚಿಟ್ಟು ನೂರಾರು ಜನರಿಗೆ ಐಸ್ ಹಾಕಿದ ಶರಬತ್ತು ಕೊಡುವುದು ಇತರರಿಗೆ ಹಾನಿ ಮಾಡಿದಂತೆ. ಹಾನಿ ಮಾಡಬಾರದು ಎಂಬುದು ನಮ್ಮ ದೀನಿನ ಮೂಲ ನಿಯಮ. ಶಾಮ್‌ಗೆ ಹೊರಟಿದ್ದ ಖಲೀಫಾ ಉಮರ್(ರ) ದಾರಿಯಲ್ಲಿ ಪ್ಲೇಗಿನ ಸುದ್ದಿ ತಿಳಿದು ಮದೀನಕ್ಕೆ ಮರಳಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಕೇಳಿದಾಗ, ಅವನ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂದು ಅವರು ತಿಳಿಸಿದರು. ಎಚ್ಚರ ವಹಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಮಸೀದಿಯ ಕುಡಿಯುವ ನೀರಿನ ಡ್ರಮ್ಮಿಗೆ ಎಲ್ಲರಿಗೂ ಒಂದೇ ಲೋಟ ಇತ್ತು. ಶೌಚಾಲಯದಲ್ಲಿ ಸಾಬೂನು ಇರಲಿಲ್ಲ. ತಹಾರತಿನ ಪಾಠ ಹೇಳುವ ನಮ್ಮ ಕಣ್ಣಿಗೆ ಅದು ಬೀಳಲಿಲ್ಲ. ಈಗ ಡ್ರಮ್ ತೆಗೆದಿದ್ದೇವೆ, ಸಾಬೂನು ಇಟ್ಟಿದ್ದೇವೆ.

ಇನ್ನು ನಿಮ್ಮ ಮನೆಗಳಲ್ಲಿ ಮಾಡಬೇಕಾದದ್ದು: ನೀರು ಕೊತಕೊತ ಕುದಿದ ಮೇಲೂ ಕನಿಷ್ಠ ಒಂದು ನಿಮಿಷ ಒಲೆಯ ಮೇಲಿರಲಿ. ಅದಕ್ಕೆ ತಣ್ಣೀರು ಬೆರೆಸಬೇಡಿ. ಪಾತ್ರೆ ಮುಚ್ಚಿಡಿ, ಇದು ಪ್ರವಾದಿ(ಸ)ರು ಕಲಿಸಿದ ಪಾಠವೂ ಹೌದು. ಶೌಚದ ನಂತರ, ಅಡುಗೆ ಮತ್ತು ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ, ಸ್ಯಾನಿಟೈಸರ್ ಸಾಲದು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಲು ಬರುವ ಆರೋಗ್ಯ ಕಾರ್ಯಕರ್ತರನ್ನು ತಡೆಯಬೇಡಿ. ರೋಗಿಗಳು ಇತರರಿಗಾಗಿ ಅಡುಗೆ ಮಾಡದಿರಲಿ.

ಈ ವೈರಸ್ಸಿಗೆಂದೇ ಮದ್ದಿಲ್ಲ. ಹೆಚ್ಚಿನವರು ವಿಶ್ರಾಂತಿಯಿಂದಲೇ ಗುಣವಾಗುತ್ತಾರೆ. ನಾಟಿ ಮದ್ದನ್ನಾಗಲಿ ಜ್ವರದ ಮಾತ್ರೆಯನ್ನಾಗಲಿ ವೈದ್ಯರನ್ನು ಕೇಳದೆ ಕೊಡಬೇಡಿ, ಯಕೃತ್ತಿಗೆ ಪೆಟ್ಟಾಗಬಹುದು. ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ, ಮಾತು ತಡವರಿಸಿದರೆ, ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರಿಗೆ ಕಾಮಾಲೆ ಕಂಡರೆ ಒಂದು ದಿನವೂ ಕಾಯಬೇಡಿ. ಲಸಿಕೆಯೂ ಇದೆ. ಮನೆಯಲ್ಲಿ ರೋಗಿ ಇದ್ದರೆ ಉಳಿದವರು ಎರಡು ವಾರದೊಳಗೆ ಹಾಕಿಸಿಕೊಂಡರೂ ಪ್ರಯೋಜನವಿದೆ, ವೈದ್ಯರಲ್ಲಿ ವಿಚಾರಿಸಿ.

ರೋಗಿಯನ್ನು ಕಾಣುವುದು ಸುನ್ನತ್. ಹೋಗಿ, ಸಮಾಧಾನ ಹೇಳಿ, ದುಆ ಮಾಡಿ. ನೆರೆಮನೆಯವರು ಯಾವ ಧರ್ಮದವರಾದರೂ ಒಂದು ಕೊಡ ಕುದಿಸಿದ ನೀರನ್ನು ತಲುಪಿಸಿ. ಬಾಯಾರಿದವರಿಗೆ ನೀರು ಕೊಡುವುದು ಸದಕಾ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ನಮ್ಮ ಕೈಯಿಂದ ಯಾರಿಗೂ ಹಾನಿಯಾಗದಂತೆ ಕಾಪಾಡಲಿ. ಆಮೀನ್.