ಬಸುರಿಯ ಮಾತ್ರೆ, ಮಗುವಿನ ಉಬ್ಬಸ



ಈ ವಿಚಾರ ಸಂಕಿರಣದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಬಸುರಿಯಾಗಿದ್ದಾಗ ತಾಯಿ ನುಂಗಿದ ವಿಟಮಿನ್ ಮಾತ್ರೆಗೂ ಮುಂದೆ ಮಗುವಿಗೆ ಬರುವ ಉಬ್ಬಸ, ಇಸುಬು, ಆಹಾರದ ಅಲರ್ಜಿಗಳಿಗೂ ನಂಟಿದೆಯೇ? ಈ ಪ್ರಶ್ನೆಗೆ 'ಇದೆ, ಒಳ್ಳೆಯದಾಗುತ್ತದೆ' ಎಂಬ ಉತ್ತರವೂ ಬಂದಿದೆ, 'ಇದೆ, ಕೆಟ್ಟದಾಗುತ್ತದೆ' ಎಂಬ ಉತ್ತರವೂ ಬಂದಿದೆ. ಎರಡನ್ನೂ ಓದಿಕೊಂಡ ತಾಯಂದಿರು ಈಗ ನಮ್ಮ ಮುಂದೆ ಕೂತು, 'ಈ ಮಾತ್ರೆ ತಗೊಳ್ಳಲೋ ಬೇಡವೋ?' ಎಂದು ಕೇಳುತ್ತಿದ್ದಾರೆ.

ಪ್ರಶ್ನೆ ನಮ್ಮದೂ ಹೌದು. ಬೆಂಗಳೂರಿನ ಒಂದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಆಸ್ತಮಾ ಇದ್ದವರ ಪಾಲು 1979ರಲ್ಲಿ ಶೇಕಡಾ 9 ಇದ್ದದ್ದು 1999ರ ಹೊತ್ತಿಗೆ ಶೇಕಡಾ 29.5ಕ್ಕೆ ಏರಿತ್ತು ಎಂದು ಡಾ. ಎಚ್. ಪರಮೇಶ್ ಅವರು ದಾಖಲಿಸಿದ್ದಾರೆ. ಅದು ಆಸ್ಪತ್ರೆಯ ಲೆಕ್ಕ, ಇಡೀ ಊರಿನ ಲೆಕ್ಕವಲ್ಲ. ಆದರೂ ಇಪ್ಪತ್ತು ವರ್ಷಗಳಲ್ಲಿ ಇಷ್ಟು ದೊಡ್ಡ ಏರಿಕೆಗೆ ವಂಶವಾಹಿಯೊಂದೇ ಕಾರಣವಾಗಲಾರದು. ಗಾಳಿ, ಹೊಗೆ, ಊಟ, ಸೋಂಕುಗಳ ಜೊತೆಗೆ ಗರ್ಭದ ದಿನಗಳನ್ನೂ ವಿಜ್ಞಾನಿಗಳು ಹುಡುಕಹೊರಟದ್ದು ಸಹಜ. ಮಗುವಿನ ಶ್ವಾಸಕೋಶ ಕವಲೊಡೆಯುವುದೂ ರೋಗನಿರೋಧಕ ವ್ಯವಸ್ಥೆ ಮೊದಲ ಪಾಠ ಕಲಿಯುವುದೂ ಅಲ್ಲಿಯೇ.

ಮೊದಲು ಫೋಲಿಕ್ ಆಮ್ಲದ ಕಥೆ. ಬೆನ್ನುಹುರಿಯ ದೋಷವಿರುವ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರಿಗೆ ಗರ್ಭ ಧರಿಸುವ ಮೊದಲಿನಿಂದಲೇ ಇದನ್ನು ಕೊಟ್ಟರೆ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ 1991ರಲ್ಲಿ ತೋರಿಸಿತು. ಇಷ್ಟು ಗಟ್ಟಿಯಾದ ಸಾಕ್ಷ್ಯ ಪ್ರಸೂತಿ ಶಾಸ್ತ್ರದಲ್ಲಿ ಅಪರೂಪ. ಅನುಮಾನ ಹುಟ್ಟಿದ್ದು ಆಮೇಲೆ. ಫೋಲಿಕ್ ಆಮ್ಲ ಡಿಎನ್ಎ ಮೇಲೆ ಮೀಥೈಲ್ ಗುರುತುಗಳನ್ನು ಕೂರಿಸುವ ಕೆಲಸದಲ್ಲಿ ಭಾಗಿ. ಆ ಗುರುತುಗಳು ರೋಗನಿರೋಧಕ ಕೋಶಗಳನ್ನು ಅಲರ್ಜಿಯ ಕಡೆಗೆ ವಾಲಿಸಬಹುದೇ? ಹೌದು ಎಂದು 2008ರಲ್ಲಿ ಇಲಿಗಳ ಮೇಲಿನ ಅಧ್ಯಯನವೊಂದು ಹೇಳಿತು. ಮರುವರ್ಷ ಆಸ್ಟ್ರೇಲಿಯಾದ ಅಡಿಲೇಡ್‌ನ ಸಂಶೋಧಕರು, ಬಸುರಿಯ ಕೊನೆಯ ತಿಂಗಳುಗಳಲ್ಲಿ ಫೋಲಿಕ್ ಆಮ್ಲ ತೆಗೆದುಕೊಂಡವರ ಮಕ್ಕಳಲ್ಲಿ ಮೂರೂವರೆ ವರ್ಷಕ್ಕೆ ಆಸ್ತಮಾ ತುಸು ಹೆಚ್ಚು ಎಂದರು. ನಾರ್ವೆಯ ದೊಡ್ಡ ಅಧ್ಯಯನದಲ್ಲೂ ಅಂಥದೇ ಸುಳಿವು ಸಿಕ್ಕಿತು, ಆದರೆ ಅದು ತೀರಾ ಸಣ್ಣದು. ನಂತರದ ಅಧ್ಯಯನಗಳು ಒಂದೇ ದಿಕ್ಕಿನಲ್ಲಿ ಸಾಗಲಿಲ್ಲ. ಇಲಿಗಳ ಮೇಲಿನ ಆ ಪ್ರಬಂಧವನ್ನು ಪತ್ರಿಕೆ 2016ರಲ್ಲಿ ಹಿಂತೆಗೆದುಕೊಂಡಿತು. ಹಿಂತೆಗೆದ ಸುದ್ದಿ ಎಷ್ಟು ಜನರನ್ನು ತಲುಪಿತೋ, ಆ ಪ್ರಬಂಧ ಹುಟ್ಟಿಸಿದ ಭಯವಂತೂ ಊರೂರು ಸುತ್ತಿತ್ತು.

ಇಂಥ ಅಧ್ಯಯನಗಳಲ್ಲಿ ಒಂದು ತೊಡಕಿದೆ. ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವ ತಾಯಿ ಬೇರೆ ಹಲವು ವಿಷಯಗಳಲ್ಲೂ ಭಿನ್ನ. ಅವಳ ಓದು, ಆದಾಯ, ಮನೆಯ ಮಕ್ಕಳ ಸಂಖ್ಯೆ, ಮಗುವಿಗೆ ಕೆಮ್ಮು ಬಂದ ಕೂಡಲೇ ವೈದ್ಯರಲ್ಲಿಗೆ ಓಡುವ ಅಭ್ಯಾಸ, ಎಲ್ಲವೂ ಬೇರೆ. ಸ್ವತಃ ಆಸ್ತಮಾ ಇರುವ ತಾಯಿ ಹೆಚ್ಚು ಎಚ್ಚರದಿಂದ ಮಾತ್ರೆ ನುಂಗಿರಲೂಬಹುದು. ಆಗ ಮಗುವಿನ ಉಬ್ಬಸ ತಾಯಿಯಿಂದ ಬಂದದ್ದೋ, ಮಾತ್ರೆಯಿಂದ ಬಂದದ್ದೋ?

ಈ ಗಂಟನ್ನು ಬಿಡಿಸಲು ಚೀಟಿ ಎತ್ತಿದಂತೆ ತಾಯಂದಿರನ್ನು ಎರಡು ಗುಂಪು ಮಾಡುವ ಪ್ರಯೋಗಗಳೇ ಬೇಕು. ವಿಟಮಿನ್ ಡಿ ವಿಷಯದಲ್ಲಿ ಅವು ನಡೆದಿವೆ. ಅಮೆರಿಕದಲ್ಲಿ ಬಾಸ್ಟನ್, ಸೇಂಟ್ ಲೂಯಿಸ್, ಸ್ಯಾನ್ ಡಿಯಾಗೋ ಕೇಂದ್ರಗಳಲ್ಲಿ ಸುಮಾರು 880 ಗರ್ಭಿಣಿಯರು ಪಾಲ್ಗೊಂಡ ಪ್ರಯೋಗದಲ್ಲಿ ಒಂದು ಗುಂಪಿಗೆ ದಿನಕ್ಕೆ 4400 ಯೂನಿಟ್, ಇನ್ನೊಂದಕ್ಕೆ 400 ಯೂನಿಟ್ ಸಿಕ್ಕಿತು. ಮೂರು ವರ್ಷಕ್ಕೆ ಆಸ್ತಮಾ ಅಥವಾ ಪದೇ ಪದೇ ಉಬ್ಬಸ ಕಂಡ ಮಕ್ಕಳು ಮೊದಲ ಗುಂಪಿನಲ್ಲಿ ಶೇಕಡಾ 24.3, ಎರಡನೆಯದರಲ್ಲಿ 30.4. ವ್ಯತ್ಯಾಸ ಸಂಖ್ಯಾಶಾಸ್ತ್ರದ ಹೊಸ್ತಿಲಲ್ಲಿ ನಿಂತಿತು, ಒಳಗೆ ಬರಲಿಲ್ಲ. ಅದೇ ವರ್ಷ, 2016ರಲ್ಲಿ, ಡೆನ್ಮಾರ್ಕಿನ ಪ್ರಯೋಗವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಆದರೆ ಮಕ್ಕಳಿಗೆ ಆರು ವರ್ಷ ತುಂಬಿದಾಗ ಎರಡೂ ಕಡೆ ಗುಂಪುಗಳ ನಡುವೆ ಅಂತರ ಉಳಿದಿರಲಿಲ್ಲ. ಬ್ರಿಟನ್ನಿನ ಪ್ರಯೋಗದಲ್ಲಿ 1000 ಯೂನಿಟ್ ಪಡೆದ ತಾಯಂದಿರ ಮಕ್ಕಳಿಗೆ ಒಂದು ವರ್ಷದ ಹೊತ್ತಿಗೆ ಇಸುಬು ಕಡಿಮೆ ಇತ್ತು. ಎರಡು ಮತ್ತು ನಾಲ್ಕು ವರ್ಷಕ್ಕೆ ನೋಡಿದಾಗ ಆ ಲಾಭ ಕಾಣಲಿಲ್ಲ.

ಮಕ್ಕಳ ವೈದ್ಯರಿಗೆ ಇದು ಪೂರ್ತಿ ಅಚ್ಚರಿಯಲ್ಲ. ಕೂಸಿನ ಶ್ವಾಸನಾಳ ಸಪೂರ. ನೆಗಡಿಯ ವೈರಸ್ ಬಂದರೂ ಎದೆಯಲ್ಲಿ ಸಿಳ್ಳೆಯಂಥ ಸದ್ದು ಏಳುತ್ತದೆ, ಮಗು ಬೆಳೆದಂತೆ ಬಹಳಷ್ಟು ಸಲ ತಾನಾಗಿಯೇ ನಿಲ್ಲುತ್ತದೆ. ಮೂರು ವರ್ಷದ ಉಬ್ಬಸ ಮತ್ತು ಏಳು ವರ್ಷದ ಆಸ್ತಮಾ ಒಂದೇ ಅಲ್ಲ. ಹಾಗೆಂದು ಎಳೆಮಗುವಿನ ತೊಂದರೆ ತಗ್ಗಿದ್ದು ಲಾಭವೇ ಅಲ್ಲ ಎನ್ನುವಂತಿಲ್ಲ. ರಾತ್ರಿಯಿಡೀ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕೂತ ತಾಯಿಗೆ ಅದರ ಬೆಲೆ ಗೊತ್ತು. ಆದರೆ 'ಆಸ್ತಮಾ ಬರದಂತೆ ತಡೆಯುತ್ತದೆ' ಎಂದು ಡಬ್ಬಿಯ ಮೇಲೆ ಬರೆಯುವಷ್ಟು ಸಾಕ್ಷ್ಯ ಇದಲ್ಲ.

ಯಾರಿಗೆ ಕೊಟ್ಟರು ಎನ್ನುವುದೂ ಅಷ್ಟೇ ಮುಖ್ಯ. ಅಮೆರಿಕದ ಆರೆಗನ್ ಸಂಶೋಧಕರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಗರೇಟು ಬಿಡಲಾಗದ ಗರ್ಭಿಣಿಯರಿಗೆ ದಿನಕ್ಕೆ 500 ಮಿಲಿಗ್ರಾಂ ವಿಟಮಿನ್ ಸಿ ಕೊಟ್ಟಾಗ ಮೊದಲ ವರ್ಷ ಉಬ್ಬಸ ಕಂಡ ಮಕ್ಕಳು ಶೇಕಡಾ 21, ಕೊಡದ ಗುಂಪಿನಲ್ಲಿ 40. ಇದು ದೊಡ್ಡ ಲಾಭ. ಆದರೆ ಅದು ನಿಕೋಟಿನ್‌ನಿಂದ ಹಾನಿಗೊಳಗಾದ ಶ್ವಾಸಕೋಶಗಳ ಮಾತು. ನಮ್ಮ ಸೌದೆ ಒಲೆಯ ಹೊಗೆಗೂ ಮನೆ ಯಜಮಾನನ ಬೀಡಿಗೂ ಅದನ್ನು ನೇರವಾಗಿ ಅನ್ವಯಿಸಲಾಗದು. ನಾವೇ ಪರೀಕ್ಷಿಸಿ ನೋಡಬೇಕು.

ಮತ್ತೆ ವಿಟಮಿನ್ ಡಿ ಪ್ರಯೋಗಗಳಿಗೆ ಬಂದರೆ, ಡೆನ್ಮಾರ್ಕಿನ ತಾಯಂದಿರಲ್ಲಿ ಶುರುವಿಗೇ ಅದರ ಮಟ್ಟ ಚೆನ್ನಾಗಿತ್ತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥಿನಾನ್ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ವರ್ಷವಿಡೀ ಬಿಸಿಲಿರುವ ಈ ಊರಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗರ್ಭಿಣಿಯರಿಗೆ ವಿಟಮಿನ್ ಡಿ ಕೊರತೆ. ಶೇಕಡಾ 43 ಮಂದಿಗೆ ಬಿ12 ಕಡಿಮೆ. ಫೋಲೇಟ್ ಕೊರತೆ ಮಾತ್ರ ಶೇಕಡಾ 4. ತುಂಬಿದ ಕೊಡಕ್ಕೆ ನೀರು ಹುಯ್ದು ಏನೂ ಆಗಲಿಲ್ಲ ಎನ್ನುವುದು ಬೇರೆ, ಬರಿದಾದ ಕೊಡವನ್ನು ತುಂಬಿಸಿ ನೋಡುವುದು ಬೇರೆ. ಎರಡನೆಯ ಪ್ರಯೋಗ ನಡೆಯಬೇಕಾದ ಜಾಗ ನಮ್ಮದು. ಗರ್ಭಿಣಿಯರಿಗೆ ಬಿ12 ಕೊಟ್ಟು ಮಕ್ಕಳನ್ನು ಹಿಂಬಾಲಿಸಿದ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಕೆಲಸ, ಅಂಥದ್ದು ಇಲ್ಲಿ ಸಾಧ್ಯ ಎಂದು ತೋರಿಸಿದೆ.

ಸಂಶೋಧನೆ ಮುಗಿಯುವವರೆಗೆ ತಾಯಿ ಕಾಯುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2 ಮಂದಿಗೆ ರಕ್ತಹೀನತೆ. ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಅದನ್ನು 180 ದಿನ ನುಂಗಿದವರು ಕೇವಲ ಶೇಕಡಾ 26. ಮಾತ್ರೆ ಉಷ್ಣ, ಮಗು ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂಬ ಮಾತುಗಳ ಸಾಲಿಗೆ 'ಮಗುವಿಗೆ ಅಲರ್ಜಿ ಬರುತ್ತದೆ' ಎಂಬ ಅರೆಬೆಂದ ಮಾತೂ ಸೇರಿದರೆ, ಅದರ ಹೊಣೆ ಈ ಸಭಾಂಗಣದಲ್ಲಿರುವ ನಮ್ಮದು. ಇನ್ನೊಂದು ತುದಿಯಲ್ಲಿ, ಅಲರ್ಜಿ ತಡೆಯುವ ಆಸೆ ತೋರಿಸಿ ನಗರದ ಗರ್ಭಿಣಿಗೆ ಬೇಕಿಲ್ಲದ ದುಬಾರಿ ಡಬ್ಬಿ ಮಾರುವುದೂ ತಪ್ಪೇ.

ಬೆನ್ನುಹುರಿಯ ನಳಿಕೆ ಮುಚ್ಚುವುದು ಗರ್ಭ ಕಟ್ಟಿದ 28 ದಿನಗಳೊಳಗೆ. ನಮ್ಮ ಎಷ್ಟೋ ಹೆಣ್ಣುಮಕ್ಕಳು ತಾಯಿ ಕಾರ್ಡ್ ಮಾಡಿಸುವುದು ಎರಡು, ಮೂರನೇ ತಿಂಗಳಿಗೆ. ಅಷ್ಟರಲ್ಲಿ ಫೋಲಿಕ್ ಆಮ್ಲದ ಮುಖ್ಯ ಕೆಲಸದ ಹೊತ್ತು ಮೀರಿರುತ್ತದೆ. ಮದುವೆಯಾದ ಹೆಣ್ಣುಮಗಳಿಗೆ ಮಗು ಬೇಕೆನಿಸಿದ ದಿನದಿಂದಲೇ ಆ ಮಾತ್ರೆ ಮುಟ್ಟಿಸುವುದು ಹೇಗೆ ಎಂಬುದು ಅಲರ್ಜಿಯ ಚರ್ಚೆಯ ನಡುವೆಯೂ ಮರೆಯಬಾರದ ವಿಷಯ.

ಆದ್ದರಿಂದ ಗೋಷ್ಠಿಗಳಲ್ಲಿ ಮಂಡನೆಯಾಗುವ ಪ್ರತಿ ಪ್ರಬಂಧಕ್ಕೂ ಮೂರು ಪ್ರಶ್ನೆ ಹಾಕಿ ಎಂದು ನನ್ನ ಕೋರಿಕೆ. ಮಾತ್ರೆ ಕೊಟ್ಟದ್ದು ಕೊರತೆ ಇದ್ದ ತಾಯಿಗೋ, ಇಲ್ಲದ ತಾಯಿಗೋ? ಬಸುರಿಯ ಯಾವ ತಿಂಗಳಲ್ಲಿ? ಮಗುವಿನ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆಯನ್ನು ಅಳೆದರು? ಈ ಮೂರಕ್ಕೂ ಉತ್ತರವಿಲ್ಲದ ಫಲಿತಾಂಶವನ್ನು ತಾಯಂದಿರ ಕಿವಿಗೆ ಹಾಕುವುದು ಬೇಡ. ಸಂಕಿರಣ ಮುಗಿಯುವ ಮುನ್ನ ಆಶಾ ಕಾರ್ಯಕರ್ತೆ ಮನೆಬಾಗಿಲಲ್ಲಿ ನಿಂತು ಹೇಳಬಹುದಾದ ಅರ್ಧ ಪುಟದ ಸಲಹೆಯೊಂದು ನಮ್ಮೆಲ್ಲರ ಒಪ್ಪಿಗೆಯಿಂದ ಸಿದ್ಧವಾಗಲಿ. ಅದರ ಮೊದಲ ಸಾಲು ಹೀಗಿರಲಿ ಎಂದು ನಾನು ಸೂಚಿಸುತ್ತೇನೆ: 'ಅಲರ್ಜಿಗೆ ಹೆದರಿ ಕಬ್ಬಿಣ–ಫೋಲಿಕ್ ಮಾತ್ರೆ ಬಿಡಬೇಡಿ, ಅಲರ್ಜಿ ತಡೆಯಲೆಂದು ವೈದ್ಯರು ಹೇಳದ ಮಾತ್ರೆ ಕೊಳ್ಳಬೇಡಿ.' ಉಳಿದ ಸಾಲುಗಳನ್ನು ನೀವು ಬರೆಯಿರಿ, ಬೇಕಾದರೆ ಈ ಸಾಲನ್ನೂ ತಿದ್ದಿ.