ಬಟ್ಟೆಯ ಹಿಂಬದಿ



ಕಸೂತಿಯ ಮಾತನ್ನು ಭೂತತತ್ತ್ವಗಳಿಂದ ಆರಂಭಿಸಿದರೆ ನಿಮಗೆ ಸೋಜಿಗವೆನಿಸೀತು. ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕರಿಂದ ಜಗತ್ತು ಆಗಿದೆಯೆಂದು ಪ್ರಾಚೀನ ಗ್ರೀಸಿನ ಎಂಪೆಡೊಕ್ಲಿಸ್ ಹೇಳಿದನು. ನಮ್ಮವರು ಆಕಾಶವನ್ನೂ ಸೇರಿಸಿ ಐದು ಎಂದರು. ಪ್ರತ್ಯಕ್ಷವನ್ನೇ ನಂಬಿದ ಚಾರ್ವಾಕರು ನಾಲ್ಕಕ್ಕೇ ನಿಂತರು. ಈ ನಾಲ್ಕನ್ನು ಸೂಜಿಯ ಮೊನೆಯಿಂದ ಬಟ್ಟೆಗೆ ಇಳಿಸಿದವರೂ ಉಂಟು. 17ನೆಯ ಶತಮಾನದಲ್ಲಿ, ಫ್ರಾನ್ಸಿನ ದೊರೆ 14ನೆಯ ಲೂಯಿಯ ಕಾಲದಲ್ಲಿ, ಭೂತಗಳನ್ನೂ ಋತುಗಳನ್ನೂ ಕುರಿತ ದೊಡ್ಡ ಕಸೂತಿ ತೆರೆಗಳು ಪ್ಯಾರಿಸ್ಸಿನಲ್ಲಿ ಸಿದ್ಧವಾದವು. ಅವುಗಳಲ್ಲಿ ಕೆಲವು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿವೆ.

ನಮ್ಮ ಧಾರವಾಡದ ಕಡೆಯ ಹೆಣ್ಣುಮಕ್ಕಳು ಇಂಥ ಹೆಸರಿಟ್ಟು ಹೊಲಿಯಲು ಕೂತವರಲ್ಲ. ಆದರೂ ಇಳಕಲ್ಲ ಸೀರೆಯ ಸೆರಗನ್ನು ಬಿಡಿಸಿ ನೋಡಿ. ತುಳಸಿಕಟ್ಟೆಯಲ್ಲಿ ಮಣ್ಣಿದೆ, ಕಮಲದಲ್ಲಿ ನೀರಿದೆ, ನಂದಾದೀಪದಲ್ಲಿ ಬೆಂಕಿಯಿದೆ, ಗಿಳಿಯ ರೆಕ್ಕೆಯಲ್ಲಿ ಗಾಳಿಯಿದೆ. ಚಿತ್ರವನ್ನು ಮೊದಲು ಬರೆದುಕೊಳ್ಳುವ ಪದ್ಧತಿ ಇಲ್ಲಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಮುಂದುವರಿಯಬೇಕು. ಗವಂತಿ, ಮುರಗಿ, ನೇಯ್ಗೆ, ಹೆಂತೆ ಎಂದು ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಹೋಗುವಾಗ ಬಿಟ್ಟ ಸಂದುಗಳನ್ನು ಬರುವಾಗ ತುಂಬುತ್ತಾರೆ. ಹಾಗಾಗಿ ಮುಂಬದಿಗೂ ಹಿಂಬದಿಗೂ ಭೇದವಿರುವುದಿಲ್ಲ. ಗಂಟು ಹಾಕುವಂತಿಲ್ಲ. ಹಿಂದೊಮ್ಮೆ ನಾನು ಹೊಲಿದದ್ದನ್ನು ಧಾರವಾಡದ ಹಿರಿಯರೊಬ್ಬರ ಮುಂದೆ ಹೆಮ್ಮೆಯಿಂದ ಹಿಡಿದಾಗ ಅವರು, "ಮುಂದಿಂದು ಆಮೇಲೆ ನೋಡೂಣು, ಮೊದಲ ಹಿಂದಿಂದು ತೋರ್ಸವಾ" ಎಂದರು. ತಿರುಗಿಸಿ ತೋರಿಸಿದಾಗ ನನ್ನ ಹೆಮ್ಮೆ ಇಳಿಯಿತು. ಅಲ್ಲಿ ಮೂರು ಗಂಟುಗಳಿದ್ದವು.

ಆ ಮಾತು ನನಗೆ ಮತ್ತೆ ನೆನಪಾದದ್ದು ಶಿಡ್ಲಘಟ್ಟದಲ್ಲಿ. ಕಸೂತಿಗೆ ಈಗ ಹತ್ತಿಯ ದಾರವೂ ಬಳಕೆಯಲ್ಲಿದೆ. ಆದರೆ ಅದರ ಹಳೆಯ ಬೆಡಗು ರೇಷ್ಮೆಯ ಎಳೆಯದು. ರೇಷ್ಮೆಯ ಎಳೆ ಹುಟ್ಟುವ ಸೀಮೆಗಳಲ್ಲಿ ಇದೊಂದು ಮುಖ್ಯವಾದದ್ದು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಲ್ಲವೂ ಮೊದಲು ಕೋಲಾರ ಜಿಲ್ಲೆಯಲ್ಲಿದ್ದು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಾಡಿಗೆಲ್ಲ ಹೆಸರಾದದ್ದು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಕಾಲೇಜೇ ಇದೆ.

ಇಲ್ಲಿ ಎಳೆಯ ಕಥೆ ಮಣ್ಣಿನಿಂದ ಮೊದಲಾಗುತ್ತದೆ. ಈ ಹುಳು ಹಿಪ್ಪುನೇರಳೆಯ ಸೊಪ್ಪನ್ನಲ್ಲದೆ ಬೇರೇನನ್ನೂ ಮುಟ್ಟದು. ನಾಲ್ಕು ಸಲ ಪೊರೆ ಕಳಚಿ, ಸುಮಾರು 25 ದಿನಗಳಲ್ಲಿ ಹಣ್ಣಾಗಿ, ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಒಂದು ಒಳ್ಳೆಯ ಗೂಡಿನಲ್ಲಿ ಕಡಿಯದ ಎಳೆ ಸಾವಿರ ಮೀಟರಿನಷ್ಟಿರುವುದುಂಟು.

ಸೊಪ್ಪಿಗೆ ನೀರು ಬೇಕು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದುಹೋಗುವ ಉತ್ತರ ಪಿನಾಕಿನಿ ಬಹುಕಾಲ ಮರಳಿನ ಹಾದಿಯಷ್ಟೆ. ಸಾವಿರ ಅಡಿ ಕೊರೆದ ಬಾವಿಯೂ ಕೈಕೊಡುತ್ತದೆ. ಸಿಕ್ಕ ನೀರಿನಲ್ಲಿ ಫ್ಲೋರೈಡಿನ ಭಯ. ಸೀರೆಯ ಕಮಲಕ್ಕೆ ನೀರೆರೆದವನು ಸಾಲ ಮಾಡಿ ಬಾವಿ ಕೊರೆಸಿದ ರೈತ.

ಬೆಂಕಿಯ ಕೆಲಸ ಬಿಚ್ಚಾಣಿಕೆಯ ಮನೆಯಲ್ಲಿ. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ಗೂಡಿಗೆ ತೂತಾಗಿ ಎಳೆ ಕೆಡುತ್ತದೆ. ಆದ್ದರಿಂದ ಶಾಖದಿಂದ ಅದನ್ನು ಕೊಲ್ಲಬೇಕು. ಎಳೆಯನ್ನು ಅಂಟಿಸಿರುವ ಗೋಂದು ರೇಷ್ಮೆಯ ತೂಕದ ಕಾಲುಭಾಗದಷ್ಟು. ಅದು ಕುದಿನೀರಿನಲ್ಲಿ ಮೆತ್ತಗಾದ ಮೇಲೆಯೇ ಗೂಡು ಬಿಚ್ಚಿಕೊಳ್ಳುವುದು. ಅನೇಕ ಗೂಡುಗಳ ಎಳೆ ಕೂಡಿ ಒಂದು ನೂಲು. ತುದಿಯನ್ನು ಹುಡುಕಿ ಹಿಡಿಯುವುದು ಬೆರಳು. ಅಂಥ ಒಂದು ಮನೆಯಲ್ಲಿ ಕೆಲಸದಾಕೆಯ ಬೆರಳುಗಳು ನೆನೆದು ಬಿಳುಪೇರಿ, ಸಂದುಗಳಲ್ಲಿ ಹುಣ್ಣಾಗಿದ್ದುದನ್ನು ಕಂಡೆ. ನೀರನ್ನು ಸ್ವಲ್ಪ ಆರಿಸಿಕೊಳ್ಳಬಾರದೇ ಎಂದು ತಿಳಿಯದೆ ಕೇಳಿದೆ. "ನೀರು ಆರಿದ್ರೆ ಎಳೆ ಸಿಗಲ್ಲಮ್ಮಾ" ಎಂದು ನಕ್ಕಳು.

ಇನ್ನು ಗಾಳಿ. ಹುಳು ಸಾಕುವ ಮನೆಗೆ ಗಾಳಿಯಾಡಬೇಕು. ಆದರೆ ಅದೇ ಕಿಟಕಿಯಿಂದ ಊಜಿ ನೊಣ ಬರುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಕಳೆಯುತ್ತದೆ. ಅದಕ್ಕೆಂದೇ ಕಿಟಕಿಗೆ ಬಲೆ ಕಟ್ಟುತ್ತಾರೆ. ಬಿಚ್ಚಾಣಿಕೆಯ ಮನೆಯ ಕಷ್ಟ ಬೇರೆ: ಹಬೆ, ಹೊಗೆ, ಬೆಂದ ಹುಳುವಿನ ನಾತ ಹೊರಗೆ ಹೋಗಲು ದಾರಿ ಸಾಲದು. ಅದೇ ಗಾಳಿಯನ್ನು ದಿನವೆಲ್ಲ ಉಸಿರಾಡುತ್ತಾರೆ.

ಹೀಗೆ, ಕಸೂತಿಯಲ್ಲಿ ನಾಲ್ಕು ಭೂತಗಳನ್ನು ನಾವು ಚಿತ್ರದಲ್ಲಿ ಹುಡುಕುತ್ತೇವೆ. ಅವು ಎಳೆಯಲ್ಲಿಯೇ ಇವೆ. ಒಂದೊಂದು ಭೂತದ ಬಳಿಯೂ ಒಬ್ಬ ಮನುಷ್ಯ ನಿಂತಿದ್ದಾನೆ, ಒಬ್ಬ ಹೆಂಗಸು ಕೂತಿದ್ದಾಳೆ. ಸೀರೆಯನ್ನು ಮೆಚ್ಚುವಾಗ ಇವರ ಹೆಸರು ಯಾರಿಗೂ ಬೇಕಾಗುವುದಿಲ್ಲ. ಕೈಯನ್ನು ಕುದಿನೀರಿನಿಂದ ಬಿಡಿಸುವ ಯಂತ್ರಗಳು ಬಂದಿವೆ. ಒಂದೆರಡು ಒಲೆಯ ಬಡವನಿಗೆ ಅವು ಎಟುಕುವುದು ಕಷ್ಟ. ಎಟುಕಿದ ಕಡೆ, ಬಿಡುಗಡೆಯಾದ ಕೈಗೆ ಬೇರೆ ಕೆಲಸವನ್ನು ತೋರಿಸುವವರಾರು ಎಂಬ ಪ್ರಶ್ನೆ ಉಳಿಯುತ್ತದೆ. ಸುಲಭದ ಉತ್ತರ ನನ್ನಲ್ಲಿಲ್ಲ. ಗಾಳಿಯಾಡುವ ಮನೆ, ಹುಣ್ಣಿಗೆ ಔಷಧ, ದುಡಿತಕ್ಕೆ ತಕ್ಕ ಕೂಲಿ, ಇಷ್ಟನ್ನು ಕೇಳುವುದಕ್ಕೆ ಮಾತ್ರ ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ.

ಧಾರವಾಡದ ಆ ಹಿರಿಯರ ಕಣ್ಣಿಗೆ ನನ್ನ ಹೊಲಿಗೆಯ ಮೂರು ಗಂಟುಗಳು ಕೂಡಲೇ ಬಿದ್ದವು. ಮುಂದೆ ನೀವು ಕಸೂತಿಯ ಸೀರೆಯೊಂದನ್ನು ಕೈಗೆ ತೆಗೆದುಕೊಂಡಾಗ, ಅದನ್ನು ಒಮ್ಮೆ ತಿರುಗಿಸಿ ನೋಡಿ. ಹಿಂಬದಿ ನಿರ್ಮಲವಾಗಿದ್ದರೆ ಹೊಲಿದವಳನ್ನು ಮೆಚ್ಚಿಕೊಳ್ಳಿ. ಅದರಾಚೆಗೂ ಇನ್ನೊಂದು ಹಿಂಬದಿಯಿದೆಯೆಂಬುದನ್ನು ನೆನೆಯಿರಿ. ಅಲ್ಲಿನ ಗಂಟುಗಳು ಇನ್ನೂ ಬಿಚ್ಚಿಲ್ಲ.