ಅಮ್ಮನ ಗುಡ್‌ವಿಲ್ ಮಗನ ಖಾತೆಗೆ ಬರುತ್ತಾ?

 

ಈ ವಾರದ ವಿಷಯ ಸ್ವಲ್ಪ ದೂರದ್ದು. 2023ರ ಮೇ 6, ಶನಿವಾರ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮೂರನೇ ಚಾರ್ಲ್ಸ್‌ಗೆ ಪಟ್ಟಾಭಿಷೇಕ ಆಯ್ತು. ನನ್ನ ತಮ್ಮ ಆಗ ಕೇಳಿದ್ದ: "ಅಕ್ಕಾ, ಅವರು ಹೋದ ವರ್ಷಾನೇ ರಾಜ ಆದ್ರಲ್ಲ, ಈಗ ಮತ್ತೇನು?" ನ್ಯಾಯವಾದ ಪ್ರಶ್ನೆ. ರಾಣಿ ಎರಡನೇ ಎಲಿಜಬೆತ್ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡ ಆ ಕ್ಷಣಕ್ಕೇ ಮಗ ರಾಜ. ಅಲ್ಲಿ ಸಿಂಹಾಸನ ಒಂದು ಸೆಕೆಂಡೂ ಖಾಲಿ ಇರೋ ಹಾಗಿಲ್ಲ. ಹಾಗಾಗಿ ಈ ಪಟ್ಟಾಭಿಷೇಕ ಅನ್ನೋದು, ರಿಜಿಸ್ಟರ್ ಮದುವೆ ಆಗಿ ಎಂಟು ತಿಂಗಳಾದ ಮೇಲೆ ಇಟ್ಟುಕೊಂಡ ರಿಸೆಪ್ಷನ್ ಇದ್ದ ಹಾಗೆ. ಕಾನೂನಿಗೆ ಬೇಕಿಲ್ಲ, ಊರಿಗೆ ಬೇಕು.

ನನಗೆ ಕಿರೀಟಕ್ಕಿಂತ ಕುತೂಹಲ ಇರೋದು ಬೇರೆ ಕಡೆ. ನಾನು ಬಿ.ಕಾಂ. ಓದಿದವಳು. ಪಾರ್ಟ್‌ನರ್‌ಶಿಪ್ ಅಕೌಂಟ್ಸ್‌ನಲ್ಲಿ ಪಾಲುದಾರ ಸತ್ತಾಗ ಲೆಕ್ಕ ಹೇಗೆ ಮಾಡಬೇಕು ಅಂತಾನೇ ಒಂದು ಚಾಪ್ಟರ್ ಇತ್ತು. ಬಿಲ್ಡಿಂಗ್, ಸ್ಟಾಕು, ಬ್ಯಾಂಕ್ ಬ್ಯಾಲೆನ್ಸು ಲೆಕ್ಕ ಹಾಕೋದು ಸುಲಭ. ತಲೆನೋವು ಶುರುವಾಗೋದು ಗುಡ್‌ವಿಲ್ ಹತ್ರ. ಅಂಗಡಿಯ ಬೋರ್ಡು ನೋಡಿ ಬರ್ತಿದ್ದ ಗಿರಾಕಿ ಎಷ್ಟು, ಗಲ್ಲಾಪೆಟ್ಟಿಗೆ ಹಿಂದೆ ಕೂತಿದ್ದ ಆ ಯಜಮಾನರ ಮುಖ ನೋಡಿ ಬರ್ತಿದ್ದ ಗಿರಾಕಿ ಎಷ್ಟು? ಯಜಮಾನರು ಹೋದ ಮೇಲೆ ಎರಡನೇ ಥರದವರು ಮಗನ ಹತ್ರ ಬರ್ತಾರಾ, ಎದುರು ಅಂಗಡಿಗೆ ಹೋಗ್ತಾರಾ? ನಮ್ಮ ಸರ್ ಇದಕ್ಕೆ ಫಾರ್ಮುಲಾ ಬರೆಸ್ತಿದ್ರು. ಬರೆಸಿ, ಕೊನೆಗೆ "ಇದು ಅಂದಾಜು ಕಣ್ರಪ್ಪಾ" ಅಂತಿದ್ರು. ಆ ಶನಿವಾರ ಬ್ರಿಟನ್ನಿನಲ್ಲಿ ಆಗಿದ್ದು ಈ ಅಂದಾಜಿನ ಲೆಕ್ಕ ಅಂತ ನನಗನ್ನಿಸುತ್ತೆ.

ಮೊದಲು ಆ ಕ್ಯೂ ನೆನಪಿಸಿಕೊಳ್ಳಿ. ರಾಣಿಯ ಶವಪೆಟ್ಟಿಗೆಯನ್ನ ಸೆಪ್ಟೆಂಬರ್ 14ರಿಂದ 19ರ ಬೆಳಗಿನವರೆಗೆ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಇಟ್ಟಿದ್ರು. ಸುಮಾರು ಎರಡೂವರೆ ಲಕ್ಷ ಜನ ಸಾಲಾಗಿ ಬಂದು ನೋಡಿ ಹೋದ್ರು. ಥೇಮ್ಸ್ ನದಿ ದಂಡೆ ಹಿಡಿದು ಸದರ್ಕ್ ಪಾರ್ಕಿನವರೆಗೂ ಮೈಲಿಗಟ್ಟಲೆ ಸಾಲು. ಒಂದು ಹೊತ್ತಿನಲ್ಲಿ ಕಾಯೋ ಟೈಮು 24 ಗಂಟೆ ದಾಟಿತ್ತು. ಕೈಗೆ ಬಣ್ಣದ ಪಟ್ಟಿ, ಅದರ ಮೇಲೆ ನಂಬರ್. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕ್‌ಹ್ಯಾಮ್ ಕೂಡ ಅದೇ ಸಾಲಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ನಿಂತಿದ್ದ.

ಆ ಸಾಲಲ್ಲಿ ನನ್ನ ಕ್ಲಾಸ್‌ಮೇಟ್ ಒಬ್ಬಳೂ ಇದ್ದಳು. ತುಮಕೂರಿನ ಹುಡುಗಿ, ಈಗ ಪೂರ್ವ ಲಂಡನ್ನಿನಲ್ಲಿ ಒಂದು ಕಂಪನಿಯ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಇದ್ದಾಳೆ. ರಾತ್ರಿ ಎಂಟಕ್ಕೆ ನಿಂತವಳು ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದಳು. ನಾನು ಫೋನಿನಲ್ಲಿ ರೇಗಿಸಿದ್ದೆ, "ಏನೇ, ಬ್ರಿಟಿಷರು ಹೋಗಿ ಎಪ್ಪತ್ತೈದು ವರ್ಷ ಆಯ್ತು, ನೀನು ಅಲ್ಲಿಗೇ ಹೋಗಿ ಕ್ಯೂ ನಿಂತಿದ್ದೀಯಲ್ಲೇ?" ಅವಳು ನಗಲಿಲ್ಲ.

2021ರ ಮೇ ತಿಂಗಳು, ಎರಡನೇ ಅಲೆ. ಅವಳ ಅಜ್ಜಿ ಹೋದ್ರು. ಅವಳಿಗೆ ಬರೋಕಾಗಲಿಲ್ಲ. ಅಂತ್ಯಸಂಸ್ಕಾರ ನೋಡಿದ್ದು ವಾಟ್ಸ್ಆ್ಯಪ್ ವಿಡಿಯೋ ಕಾಲ್‌ನಲ್ಲಿ, ಅದೂ ಮಧ್ಯೆ ಮಧ್ಯೆ ಕಟ್ ಆಗ್ತಾ. ಕ್ಯೂನಲ್ಲಿ ಅವಳ ಮುಂದಿದ್ದ ಒಬ್ಬ ವಯಸ್ಸಾದ ಹೆಂಗಸಿನ ಗಂಡ 2020ರಲ್ಲಿ ಹೋಗಿದ್ರಂತೆ. ಆಸ್ಪತ್ರೆ ಒಳಗೆ ಬಿಟ್ಟಿರಲಿಲ್ಲ. ಇಬ್ಬರೂ ಒಂದೇ ಕಂಬಳಿ ಹೊದ್ದುಕೊಂಡು ರಾತ್ರಿಯೆಲ್ಲ ಇದೇ ಮಾತು. ರಾಣಿಯ ವಿಷಯ ಹತ್ತು ನಿಮಿಷ ಬಂದಿದ್ರೆ ಹೆಚ್ಚು. "ಪೆಟ್ಟಿಗೆ ಮುಂದೆ ಕೈ ಮುಗಿದೆ ಕಣೇ. ರಾಣಿಗೆ ಮುಗಿದೆನೋ ನಮ್ಮಜ್ಜಿಗೆ ಮುಗಿದೆನೋ, ನನಗೇ ಗೊತ್ತಿಲ್ಲ" ಅಂದಳು. ನಾನು ಆಮೇಲೆ ರೇಗಿಸಲಿಲ್ಲ.

ಇದು ಬರೀ ಅವಳ ಕಥೆ ಅಲ್ಲ ಅನ್ನಿಸೋದಕ್ಕೆ ಕಾರಣ ಒಂದು ಫೋಟೋ. 2021ರ ಏಪ್ರಿಲ್ 17, ರಾಣಿಯ ಗಂಡ ಪ್ರಿನ್ಸ್ ಫಿಲಿಪ್ ಅಂತ್ಯಕ್ರಿಯೆ. ನಿಯಮ ಮೂವತ್ತು ಜನಕ್ಕೆ ಮಾತ್ರ. 94 ವರ್ಷದ ಹೆಂಗಸು ಕಪ್ಪು ಮಾಸ್ಕ್ ಹಾಕಿಕೊಂಡು ಉದ್ದನೆ ಬೆಂಚಲ್ಲಿ ಒಬ್ಬರೇ ಕೂತಿದ್ದಾರೆ. ಪಕ್ಕದಲ್ಲಿ ಯಾರೂ ಇಲ್ಲ. ನಮ್ಮನೆಯಲ್ಲಿ ಟಿವಿ ನೋಡ್ತಿದ್ದ ನಮ್ಮಜ್ಜಿ "ಪಾಪ" ಅಂದಿದ್ದು ನನಗೆ ನೆನಪಿದೆ. ಅದರ ಹಿಂದಿನ ರಾತ್ರಿ ಪ್ರಧಾನಿ ಕಚೇರಿಯಲ್ಲೇ ಸಿಬ್ಬಂದಿ ಪಾರ್ಟಿ ಮಾಡಿದ್ರು ಅಂತ ಆಮೇಲೆ ಬಯಲಾಯ್ತು. ನಿಯಮ ಮಾಡಿದವರು ಕುಡೀತಿದ್ರು, ರಾಣಿ ನಿಯಮ ಪಾಲಿಸಿದ್ರು. ಗುಡ್‌ವಿಲ್ ಅನ್ನೋದು ಇಂಥ ಕಡೆ ಜಮಾ ಆಗುತ್ತೆ, ಅರಮನೆ ಬಾಲ್ಕನಿಯಲ್ಲಿ ಕೈ ಬೀಸೋ ಕಡೆ ಅಲ್ಲ.

ಹಾಗಂತ ಎಪ್ಪತ್ತು ವರ್ಷವೂ ಖಾತೆಯಲ್ಲಿ ಬರೀ ಕ್ರೆಡಿಟ್ ಇರಲಿಲ್ಲ. 1992ರಲ್ಲಿ ವಿಂಡ್ಸರ್ ಕೋಟೆಗೆ ಬೆಂಕಿ ಬಿತ್ತು. ಕೋಟೆಗೆ ಇನ್ಶೂರೆನ್ಸ್ ಇರಲಿಲ್ಲ. ರಿಪೇರಿ ಖರ್ಚು ಸರ್ಕಾರ ಕೊಡುತ್ತೆ ಅಂದಾಗ ಜನ ಸಿಟ್ಟಾದ್ರು: ನಮ್ಮ ದುಡ್ಡು ಯಾಕೆ? ಮುಂದಿನ ವರ್ಷದಿಂದ ಬಕಿಂಗ್‌ಹ್ಯಾಮ್ ಅರಮನೆಗೆ ಟಿಕೆಟ್ ಇಟ್ಟು ಪ್ರವಾಸಿಗರನ್ನ ಬಿಟ್ಟು, ಆ ದುಡ್ಡನ್ನ ರಿಪೇರಿಗೆ ಹಾಕಿದ್ರು. ರಾಣಿ ಆದಾಯ ತೆರಿಗೆ ಕಟ್ಟೋಕೆ ಶುರು ಮಾಡಿದ್ದೂ 1993ರಲ್ಲೇ. 1997ರಲ್ಲಿ ಡಯಾನಾ ಸತ್ತಾಗ ರಾಣಿ ಸ್ಕಾಟ್ಲೆಂಡಿನಲ್ಲೇ ಉಳಿದ್ರು, ಜನ ಕೆರಳಿದ್ರು. ಐದನೇ ದಿನ ಲಂಡನ್ನಿಗೆ ಬಂದು ಲೈವ್ ಟಿವಿಯಲ್ಲಿ ಮಾತಾಡಬೇಕಾಯ್ತು. ಅಂದ್ರೆ ಜನ ಮುನಿಸಿಕೊಂಡಾಗ ಅವರು ತಡವಾಗಿಯಾದ್ರೂ ಬಗ್ಗಿದ್ರು. ಮಾತು ಕಡಿಮೆ. ಸಂದರ್ಶನ ಕೊಡ್ತಿರಲಿಲ್ಲ. ಹಾಗಾಗಿ ಅವರ ಮನಸ್ಸಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲದೆ, ಎಲ್ಲರೂ ತಮಗೆ ಬೇಕಾದ ಅಜ್ಜಿಯನ್ನ ಅವರಲ್ಲಿ ನೋಡಿಕೊಂಡ್ರು.

ನಮ್ಮ ಕಡೆ ಲೆಕ್ಕ ಬೇರೆ, ಅದನ್ನೂ ಹೇಳಿಬಿಡ್ತೀನಿ. 1961ರಲ್ಲಿ ರಾಣಿ ಬೆಂಗಳೂರಿಗೆ ಬಂದಿದ್ರು. ಆಗ ಮೈಸೂರು ರಾಜ್ಯದ ರಾಜ್ಯಪಾಲರು ಯಾರು ಗೊತ್ತಾ? ಜಯಚಾಮರಾಜ ಒಡೆಯರ್. ಸಿಂಹಾಸನ ಬಿಟ್ಟು ರಾಜ್ಯಪಾಲರಾದ ಮಹಾರಾಜರು, ಸಿಂಹಾಸನದ ಮೇಲಿರೋ ರಾಣಿಯನ್ನ ಬರಮಾಡಿಕೊಂಡ್ರು. ಆ ಗಳಿಗೆಯಲ್ಲಿ ಇಬ್ಬರೂ ಏನು ಅಂದುಕೊಂಡ್ರೋ ಅಂತ ನನಗೆ ಇವತ್ತಿಗೂ ಕುತೂಹಲ. ರಾಣಿ ಲಾಲ್‌ಬಾಗಿನಲ್ಲಿ ಒಂದು ಸಸಿ ನೆಟ್ಟರು, ನಂದಿ ಬೆಟ್ಟಕ್ಕೂ ಹೋದ್ರು. ಅದೇ ರಾಣಿ 1997ರಲ್ಲಿ ಜಲಿಯನ್‌ವಾಲಾ ಬಾಗ್‌ನಲ್ಲಿ ಚಪ್ಪಲಿ ಬಿಚ್ಚಿ, ಹೂವಿನ ಹಾರ ಇಟ್ಟು, ತಲೆ ಬಾಗಿಸಿದ್ರು. ಕ್ಷಮೆ ಮಾತ್ರ ಕೇಳಲಿಲ್ಲ. ನನಗೆ ಅವರ ಬಗ್ಗೆ ದ್ವೇಷ ಇಲ್ಲ. ಆದ್ರೆ ಆ ಖಾತೆ ಕ್ಲೋಸ್ ಆಗಿದೆ ಅಂತ ನಾನು ಸೈನ್ ಹಾಕೋಕಾಗಲ್ಲ.

ಅರಮನೆಯವರಿಗೂ ಇದು ಗೊತ್ತು. ಆ ಶನಿವಾರ ಕಮಿಲಾ ತಲೆ ಮೇಲೆ ಕೊಹಿನೂರ್ ಇರಲಿಲ್ಲ. 1849ರಲ್ಲಿ ಹತ್ತು ವರ್ಷದ ಹುಡುಗ ದುಲೀಪ್ ಸಿಂಗ್ ಕೈಯಿಂದ ಒಪ್ಪಂದದ ಹೆಸರಲ್ಲಿ ತಗೊಂಡ ವಜ್ರ ಅದು. ಅದಿರೋ ಕಿರೀಟ ಬಿಟ್ಟು, ಹಳೇ ರಾಣಿ ಮೇರಿಯ ಕಿರೀಟ ಹಾಕಿದ್ರು. ಅದಕ್ಕೆ ಕೂರಿಸಿದ್ದು ದಕ್ಷಿಣ ಆಫ್ರಿಕಾದಿಂದ ಬಂದ ಕಲಿನನ್ ವಜ್ರಗಳನ್ನ. ಒಂದು ಸಾಲಗಾರನಿಂದ ತಪ್ಪಿಸಿಕೊಳ್ಳೋಕೆ ಇನ್ನೊಬ್ಬ ಸಾಲಗಾರನ ಬೀದಿಯಲ್ಲಿ ಹೋದ ಹಾಗೆ!

ಈಗ ಮಗನ ವಿಷಯ. ಪಟ್ಟಾಭಿಷೇಕದ ಹೊತ್ತಿಗೆ ಚಾರ್ಲ್ಸ್‌ಗೆ 74 ವರ್ಷ. ಅಮ್ಮನಿಂದ ಬಂದ ಆಸ್ತಿಗೆ ಅವರು ತೆರಿಗೆ ಕಟ್ಟಬೇಕಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯ ಜನಕ್ಕೆ 3,25,000 ಪೌಂಡ್ ಮೇಲಿನ ಆಸ್ತಿಗೆ 40% ವಾರಸುದಾರಿಕೆ ತೆರಿಗೆ ಇದೆ. ರಾಜನಿಂದ ರಾಜನಿಗೆ ಹೋಗೋ ಆಸ್ತಿಗೆ ವಿನಾಯಿತಿ. ಕೋಟೆ ಬಂತು, ಕುದುರೆ ಬಂತು, ಎಲ್ಲ ಬಂತು. ಪ್ರೀತಿ ಮಾತ್ರ ಹಾಗೆ ವರ್ಗಾವಣೆ ಆಗಿಲ್ಲ.

ಸಾಕ್ಷಿ ಬೇಕಾದ್ರೆ ನೋಟು ನೋಡಿ. ಆಸ್ಟ್ರೇಲಿಯಾದ ಐದು ಡಾಲರ್ ನೋಟಿನಲ್ಲಿ ರಾಣಿ ಇದ್ರು. ಹೊಸ ನೋಟಿನಲ್ಲಿ ರಾಜ ಇರಲ್ಲ, ಅಲ್ಲಿನ ಮೂಲನಿವಾಸಿಗಳ ಸಂಸ್ಕೃತಿಯ ವಿನ್ಯಾಸ ಬರುತ್ತೆ ಅಂತ 2023ರ ಫೆಬ್ರವರಿಯಲ್ಲಿ ಅಲ್ಲಿನ ಸೆಂಟ್ರಲ್ ಬ್ಯಾಂಕ್ ಹೇಳಿಬಿಡ್ತು. ಬಾರ್ಬಡೋಸ್ 2021ರಲ್ಲೇ ಗಣರಾಜ್ಯ ಆಯ್ತು. ಬ್ರಿಟನ್ ಒಳಗೇ ಯೂಗವ್ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಕೇಳಿದಾಗ 58% ಜನ ರಾಜಮನೆತನ ಇರಲಿ ಅಂದ್ರು. ಆದ್ರೆ 18ರಿಂದ 24 ವಯಸ್ಸಿನವರಲ್ಲಿ ಹಾಗೆ ಹೇಳಿದ್ದು 32% ಮಾತ್ರ. ಅಂದ್ರೆ ನಮ್ಮ ವಯಸ್ಸಿನ ಗಿರಾಕಿಗಳು ಎದುರು ಅಂಗಡಿ ಕಡೆ ನೋಡ್ತಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕುವಾಗ ಪೆನ್ನು ಸೋರಿದ್ದಕ್ಕೆ ರಾಜ ಸಿಡಿಮಿಡಿ ಅಂದ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ನನಗೆ ಅಲ್ಲಿ ಸ್ವಲ್ಪ ಅಯ್ಯೋ ಅನ್ನಿಸ್ತು. ಅಮ್ಮ ಸತ್ತು ವಾರ ಆಗಿರಲಿಲ್ಲ, ಆ ಮನುಷ್ಯ ದಿನಕ್ಕೊಂದು ಊರು ತಿರುಗ್ತಿದ್ದ. ಅಮ್ಮ ಆಗಿದ್ರೆ ಪೆನ್ನು ಸೋರಿದ್ದು ಯಾರಿಗೂ ಗೊತ್ತಾಗ್ತಿರಲಿಲ್ಲವೇನೋ.

ಇನ್ನು ಬೆಲೆ. 2023ರ ಮಾರ್ಚ್‌ನಲ್ಲಿ ಅಲ್ಲಿ ಹಣದುಬ್ಬರ 10.1% ಇತ್ತು. ಊಟದ ಸಾಮಾನಿನ ಬೆಲೆ ಒಂದು ವರ್ಷದಲ್ಲಿ ಸುಮಾರು 19% ಏರಿತ್ತು. ನರ್ಸ್‌ಗಳು ಸಂಬಳಕ್ಕೆ ಮುಷ್ಕರ ಮಾಡ್ತಿದ್ರು. ಇದರ ಮಧ್ಯೆ ಪಟ್ಟಾಭಿಷೇಕದ ಖರ್ಚು ಸರ್ಕಾರದ್ದು, ಅಂದ್ರೆ ಜನರದ್ದು, ಎಷ್ಟು ಅಂತ ಆಗ ಹೇಳಿರಲಿಲ್ಲ. ಅತಿಥಿಗಳನ್ನ 1953ರ ಎಂಟು ಸಾವಿರದಿಂದ ಈ ಸಲ ಸುಮಾರು ಎರಡು ಸಾವಿರಕ್ಕೆ ಇಳಿಸಿದ್ರು. ಆದ್ರೆ 1953ರಲ್ಲೂ ಕಷ್ಟ ಇತ್ತು, ಅದನ್ನ ಮರೀಬಾರದು. ಯುದ್ಧ ಮುಗಿದು ಎಂಟು ವರ್ಷ ಆದ್ರೂ ಸಕ್ಕರೆ ರೇಷನ್ನಿನಲ್ಲೇ ಇತ್ತು. ಜನ ಕಷ್ಟದಲ್ಲೂ ಕುಣಿದ್ರು, ಏಕೆಂದ್ರೆ ಸಿಂಹಾಸನದ ಮೇಲೆ 27 ವರ್ಷದ ಹುಡುಗಿ ಇದ್ದಳು, ಮುಂದೆ ಒಳ್ಳೇದಾಗುತ್ತೆ ಅನ್ನಿಸ್ತಿತ್ತು. 2023ರಲ್ಲಿ ಅಲ್ಲಿ ಬೀದಿಯಲ್ಲಿ ಬಾವುಟ ಕಟ್ಟಿದೋರು ಬಹಳ ಜನ ಅಮ್ಮನ ನೆನಪಿಗೆ ಕಟ್ಟಿದ್ರೇನೋ ಅಂತ ನನ್ನ ಗುಮಾನಿ. ಮಗ ಆ ನೆನಪಿನ ಬಡ್ಡಿಯಲ್ಲಿ ಬದುಕಬೇಕು, ಅಸಲು ತಾನೇ ದುಡೀಬೇಕು. 74ರಲ್ಲಿ ಹೊಸ ಖಾತೆ ತೆರೆಯೋದು ಯಾರಿಗೂ ಸುಲಭ ಅಲ್ಲ.

ಪಟ್ಟಾಭಿಷೇಕಕ್ಕೆ ಮೊದಲು ಆ ತುಮಕೂರಿನ ಗೆಳತಿಗೆ ಮೆಸೇಜ್ ಹಾಕಿದ್ದೆ: ಶನಿವಾರ ಮತ್ತೆ ಕ್ಯೂ ನಿಲ್ತೀಯಾ? "ಹುಚ್ಚಾ ನಿಂಗೆ? ಸೋಮವಾರ ಎಕ್ಸ್‌ಟ್ರಾ ರಜೆ ಕೊಟ್ಟಿದ್ದಾರೆ, ಅದಕ್ಕೆ ರಾಜನಿಗೆ ಥ್ಯಾಂಕ್ಸ್" ಅಂತ ಬಂತು. ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜು. ಕಂಬಳಿ ಹಂಚಿಕೊಂಡಿದ್ದ ಆ ಹೆಂಗಸು ಆ ಭಾನುವಾರ ತಮ್ಮ ಬೀದಿಯ ಊಟಕ್ಕೆ ಕರೆದಿದ್ರಂತೆ, ಎಲ್ಲರೂ ಏನಾದ್ರೂ ಮಾಡಿ ತರಬೇಕಂತೆ. ಅರಮನೆಯವರು ಪಾಲಕ್ ಸೊಪ್ಪು, ಬೀನ್ಸ್ ಕಾಳು ಹಾಕಿದ ಕೀಶ್ ಅನ್ನೋ ತಿಂಡಿಯ ರೆಸಿಪಿ ಬಿಟ್ಟಿದ್ರು. ಮೊಟ್ಟೆ ಬೆಲೆ ನೋಡಿ ಇವಳು ಚಿತ್ರಾನ್ನ ಮಾಡ್ತೀನಿ ಅಂದಳು. ಕಡಲೆಕಾಯಿ ಬೀಜ ಊರಿಂದ ಬಂದಿದ್ದು ಇನ್ನೂ ಇತ್ತಂತೆ.